‘ಸೇವ್’ ಗುಂಡಿ ಮರೆಯಾದ ಬಗೆ

ಕಡತವೆಂದರೆ ಇಂದು ನಮಗೆ ಕಚೇರಿಯ ಫೈಲು. ಹಿಂದಿನವರಿಗೆ ಅದು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕರಿಯ ಹೊತ್ತಗೆ. ಬಳಪದಿಂದ ಬರೆಯುವುದು, ಬೇಡವಾದರೆ ಒರಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಇಂಥ ಕಡತಗಳು ಉಳಿದುಬಂದು ಚರಿತ್ರೆಕಾರರಿಗೆ ಆಧಾರವಾಗಿವೆ. ಒರಸಿದರೆ ಹೋಗುವಂಥ ಬರವಣಿಗೆಯೂ ಕಾಯುವವರಿದ್ದರೆ ಶತಮಾನ ದಾಟುತ್ತದೆಂಬುದು ಸೋಜಿಗ.

ಈ ಮಾತು ನೆನಪಾದದ್ದಕ್ಕೆ ಕಾರಣವಿದೆ. ನಮ್ಮ ಸಂಘದ ಪತ್ರಿಕೆಗೆ ಲೇಖನಗಳನ್ನು ಈಗ ಅಂತರಜಾಲದ ಹಾಳೆಯಲ್ಲೇ ಬರೆದು ಕೊಡುವ ಏರ್ಪಾಡಾಗಿದೆ. ಹಿರಿಯ ಸದಸ್ಯರೊಬ್ಬರು ಎರಡು ಪುಟ ಬರೆದು, ಗಾಬರಿಯಿಂದ ನಮಗೆ ಫೋನು ಮಾಡಿದರು: “ಏನ್ರೀ, ಇದರಲ್ಲಿ ಸೇವ್ ಗುಂಡಿ ಎಲ್ಲಿದೆ?” ಇಲ್ಲ ಎಂದೆವು. ಅವರಿಗೆ ನಂಬಿಕೆ ಬರಲಿಲ್ಲ. ಬರುವುದು ಹೇಗೆ? 1978ರಲ್ಲಿ ಬಂದ ವರ್ಡ್‌ಸ್ಟಾರ್‌ನಲ್ಲಿ ಕಂಟ್ರೋಲ್ ಒತ್ತಿ ಕೆ, ಎಸ್ ಎಂದು ಬೆರಳಾಡಿಸದಿದ್ದರೆ ಬರೆದದ್ದೆಲ್ಲ ಕರೆಂಟಿನ ಪಾಲು. ನಾವು ಬಿ.ಎಸ್‌ಸಿ. ಓದುವಾಗ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು, 1.44 ಮೆಗಾಬೈಟಿನ ಫ್ಲಾಪಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದೆವು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿದರೆ ಒಂದು ಟರ್ಮಿನ ಕೆಲಸ ಮುಗಿದಂತೆಯೇ.

ಆ ಗುಂಡಿ ಮಾಯವಾದದ್ದು ಒಂದೇ ದಿನದಲ್ಲಲ್ಲ. ಮೊದಮೊದಲು ಜಾಲದ ಪುಟದಲ್ಲಿ ಏನಾದರೂ ಬರೆದು ಕಳಿಸಿದರೆ ಪುಟ ಪೂರ್ತಿ ಅಳಿಸಿ ಮತ್ತೆ ಮೂಡಬೇಕಿತ್ತು. ಸಾಹೇಬರ ಒಂದು ಸಹಿಗೆ ಗುಮಾಸ್ತ ಕುರ್ಚಿ ಬಿಟ್ಟು, ಮೇಜಿನ ಕಾಗದವನ್ನೆಲ್ಲ ಹೊತ್ತು ಹೋಗಿಬಂದ ಹಾಗೆ. 1999ರಲ್ಲಿ ಮೈಕ್ರೋಸಾಫ್ಟ್‌ನವರು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಐದನೆಯ ಆವೃತ್ತಿಯಲ್ಲಿ ಒಂದು ಹೊಸ ಸೌಕರ್ಯ ಸೇರಿಸಿದರು. ಅದು ಅವರ ಜಾಲದ ಅಂಚೆಗೆಂದು ಹುಟ್ಟಿದ್ದು. ಪುಟ ಅಲುಗದಂತೆ ಹಿಂಬದಿಯಿಂದಲೇ ದೂರದ ಯಂತ್ರಕ್ಕೆ ಸಣ್ಣ ಸಂದೇಶ ಕಳಿಸಬಹುದು, ಉತ್ತರ ತರಿಸಬಹುದು. ನಾವು ಕೂತಲ್ಲೇ ಕೂತು ಜವಾನನ ಕೈಲಿ ಚೀಟಿ ಕಳಿಸಿದಂತಾಯಿತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ಪದ್ಧತಿಗೆ ‘ಏಜಾಕ್ಸ್’ ಎಂದು ಹೆಸರಿಟ್ಟರು.

ಅದೇ ವರ್ಷ ಅಮೆರಿಕದಲ್ಲಿ ಮೂವರು ಸೇರಿ ‘ರೈಟ್ಲಿ’ ಎಂಬ ಬರವಣಿಗೆಯ ತಾಣ ತೆರೆದರು: ಸ್ಯಾಮ್ ಶಿಲ್ಲಾಸ್, ಸ್ಟೀವ್ ನ್ಯೂಮನ್, ಕ್ಲಾಡಿಯಾ ಕಾರ್ಪೆಂಟರ್. ನಮ್ಮ ಪಕ್ಕದ ಚೆನ್ನೈಯವರೂ ಹಿಂದೆ ಬೀಳಲಿಲ್ಲ. ಜೋಹೋ ರೈಟರ್ ಕೂಡ 2005ರದೇ. ಈ ಸಂಗತಿ ಚೆನ್ನೈ ಕನ್ನಡಿಗರಿಗೂ ಅಷ್ಟಾಗಿ ತಿಳಿದಂತಿಲ್ಲ. 2006ರ ಮಾರ್ಚಿಯಲ್ಲಿ ಗೂಗಲ್ ಸಂಸ್ಥೆ ರೈಟ್ಲಿಯನ್ನು ಕೊಂಡಿತು. ಅಕ್ಟೋಬರಿನ ಹೊತ್ತಿಗೆ ಅದು ಗೂಗಲ್ ಡಾಕ್ಸ್ ಆಯಿತು. 2012ರ ಏಪ್ರಿಲ್ 24ರಂದು ‘ಡ್ರೈವ್’ ಎಂಬ ಉಗ್ರಾಣ ಬಂದಾಗ, 5 ಗಿಗಾಬೈಟು ಜಾಗ ಪುಕ್ಕಟೆ, ಬರೆಯುವ ಮೇಜೂ ಇಡುವ ಕಪಾಟೂ ಒಂದಾದವು.

ಕಪಾಟು ಎಲ್ಲಿದೆ? ಮೋಡವೆನ್ನುತ್ತಾರೆ, ಮೋಡವೇನೂ ಅಲ್ಲ, ಯಾರದೋ ಕಟ್ಟಡದಲ್ಲಿ ಸಾಲಾಗಿ ಜೋಡಿಸಿದ ಯಂತ್ರಗಳು. 2003ರಲ್ಲಿ ಗೂಗಲ್‌ನ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದಲ್ಲಿ ತಮ್ಮ ಸಂಗ್ರಹ ವ್ಯವಸ್ಥೆಯನ್ನು ವಿವರಿಸಿದ್ದರು. ದೊಡ್ಡ ಕಡತವನ್ನು 64 ಮೆಗಾಬೈಟಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಮೂರು ಪ್ರತಿ ಮಾಡಿ, ಬೇರೆ ಬೇರೆ ಯಂತ್ರಗಳಲ್ಲಿ ಇಡುವುದು. ಯಂತ್ರ ಕೆಡುವುದು ಸಹಜವೆಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ. ಹಳೆಯ ದಫ್ತರಗಳಲ್ಲಿ ಕಾರ್ಬನ್ ಹಾಳೆಯಿಟ್ಟು ಮೂರು ಪ್ರತಿ ತೆಗೆಯುತ್ತಿದ್ದವರಿಗೆ ಇದು ಹೊಸದೇನಲ್ಲ.

ನಮಗೆ ಹೆಚ್ಚು ಹಿಡಿಸಿದ್ದು 2010ರ ಬದಲಾವಣೆ. ಆಗ ಬಂದ ಹೊಸ ವ್ಯವಸ್ಥೆ ಬರಹವನ್ನು ಒಂದು ಹಾಳೆಯೆಂದು ಇಟ್ಟುಕೊಳ್ಳದೆ, ತಿದ್ದುಪಡಿಗಳ ಸರಣಿಯೆಂದು ಇಟ್ಟುಕೊಳ್ಳತೊಡಗಿತು: ಇಲ್ಲಿ ಒಂದು ಅಕ್ಷರ ಸೇರಿತು, ಅಲ್ಲಿ ಒಂದು ಹೋಯಿತು, ಯಾರಿಂದ, ಯಾವಾಗ. ಇಬ್ಬರು ಒಟ್ಟಿಗೆ ತಿದ್ದಿದರೆ ಜಗಳವಾಗದಂತೆ ಹೊಂದಿಸುವ ಲೆಕ್ಕವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬಿಬ್ಬರು 1989ರಲ್ಲೇ ಬರೆದಿಟ್ಟಿದ್ದರು. ಸರ್ಕಾರಿ ಕಚೇರಿಯ ಟಿಪ್ಪಣಿ ಹಾಳೆಯ ನಿಯಮವೂ ಇದೇ ಅಲ್ಲವೆ? ಹಿಂದಿನವರ ಟಿಪ್ಪಣಿಯನ್ನು ಯಾರೂ ಹರಿದು ಹಾಕುವಂತಿಲ್ಲ. ಕೆಳಗೆ ತಮ್ಮದು ಬರೆದು ಸಹಿ, ತಾರೀಖು ಹಾಕಬೇಕು.

ಇನ್ನು ಕನ್ನಡದ ಪಾಡು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಬಳಕೆಗೆ ಬರಲು ವರ್ಷಗಳು ಹಿಡಿದವು. ಅಷ್ಟರಲ್ಲಿ ನಾವೆಲ್ಲ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದು ಗುಡ್ಡೆ ಹಾಕಿದ್ದೆವು. ಅವುಗಳ ಒಳಗಿನ ಸಂಕೇತ ಇಂಗ್ಲಿಷಿನದು, ಮೇಲಿನ ವೇಷ ಮಾತ್ರ ಕನ್ನಡದ್ದು. ಮೋಡಕ್ಕೆ ಏರಿಸಿದೊಡನೆ ವೇಷ ಕಳಚಿತು. ಸಂಘದ ಹಳೆಯ ಸ್ಮರಣ ಸಂಚಿಕೆಯ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಕೈಯಾರೆ ತಿದ್ದಿ ಮುಗಿಸಲು ನಮಗೆ ನಾಲ್ಕು ಭಾನುವಾರ ಬೇಕಾಯಿತು.

ಸೇವ್ ಗುಂಡಿಗಾಗಿ ಫೋನು ಮಾಡಿದ ಹಿರಿಯರು ಇಂದು ಇಲ್ಲ. ಧಾರವಾಡ ಬಿಟ್ಟು ಬಂದ ಕಥೆಯನ್ನು ಅದೇ ಹಾಳೆಯಲ್ಲಿ ನಲವತ್ತು ಪುಟ ಬರೆದಿದ್ದರು. ಗುಪ್ತಪದ ಮನೆಯಲ್ಲಿ ಯಾರಿಗೂ ತಿಳಿಯದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರ ಮೇ ತಿಂಗಳಲ್ಲೇ ಪ್ರಕಟಿಸಿ, ಆ ಡಿಸೆಂಬರಿನಿಂದ ಜಾರಿಗೆ ತಂದಿತ್ತು. ಖಾತೆ ಯಾರಿಗೆ ಸೇರಬೇಕೆಂದು ಬದುಕಿರುವಾಗಲೇ ಬರೆದಿಡುವ ಸೌಲಭ್ಯ 2013ರಿಂದ ಇದೆ. ಅದನ್ನು ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಪುಣ್ಯಕ್ಕೆ ಮಗಳಿಗೆ ಓದುವ ಅನುಮತಿ ಕೊಟ್ಟಿದ್ದರು. ಆಕೆ ತನ್ನ ಖಾತೆಗೆ ಒಂದು ಪ್ರತಿ ಮಾಡಿಕೊಂಡರು.

ಪ್ರತಿಯಲ್ಲಿ ಬರಹ ಬರುತ್ತದೆ, ತಿದ್ದುಪಡಿಯ ಚರಿತ್ರೆ ಬರುವುದಿಲ್ಲ. ಅಪ್ಪ ಯಾವ ಹೆಸರನ್ನು ಬರೆದು ಅಳಿಸಿದರೋ, ಯಾವ ಸಾಲಿಗೆ ರಾತ್ರಿ ಎರಡು ಗಂಟೆಗೆ ಮರಳಿ ಬಂದರೋ, ಅದು ಮೂಲದಲ್ಲಿಯೇ ಉಳಿಯಿತು. ಆ ನಲವತ್ತು ಪುಟಗಳನ್ನು ಮುದ್ರಿಸಿ, ಹೊಲಿಸಿ, ಸಂಘದ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಎರಡನೆಯ ಕಪಾಟಿನಲ್ಲಿದೆ, ಬೀಗದ ಕೈ ಕಾರ್ಯದರ್ಶಿಗಳ ಬಳಿ ಸಿಗುತ್ತದೆ.