ಕ್ಯಾನ್ವಾಸಿನ ಮೇಲೆ ನಾಡು: ವೆಂಕಟಪ್ಪ, ಹೆಬ್ಬಾರ್, ರುಮಾಲೆ

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ಬೆಟ್ಟ, ಮರ, ಆಕಾಶಗಳಿಗೆ ಸ್ವತಂತ್ರ ಅಸ್ತಿತ್ವವಿರಲಿಲ್ಲ. ದೇವತೆಗಳ, ಪುರಾಣಪುರುಷರ ಹಿಂದೆ ಹಿನ್ನೆಲೆಯಾಗಿ ನಿಲ್ಲುವುದಷ್ಟೇ ಅವುಗಳ ಪಾತ್ರ. ತಾನು ಕಂಡ ನೆಲವನ್ನೇ ಚಿತ್ರದ ಮುಖ್ಯ ವಸ್ತುವಾಗಿಸುವ ಪರಿಪಾಠ ಕರ್ನಾಟಕದಲ್ಲಿ ಬೇರೂರಿದ್ದು 20ನೇ ಶತಮಾನದಲ್ಲಿ.

ಈ ದಿಕ್ಕಿನಲ್ಲಿ ಮೊದಲಿಗೆ ನೆನೆಯಬೇಕಾದವರು ಕೆ. ವೆಂಕಟಪ್ಪ (1886-1965). ಮೈಸೂರು ಆಸ್ಥಾನದ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ ಜನಿಸಿದ ಅವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಊಟಿ ಮತ್ತು ಕೊಡೈಕನಾಲ್‌ಗಳ ಮಂಜು, ಮೋಡ, ಕಣಿವೆಗಳನ್ನು ಕುರಿತ ಅವರ ಜಲವರ್ಣ ಚಿತ್ರಗಳು ಪ್ರಸಿದ್ಧ. ಅವು ಇಂದು ತಮಿಳುನಾಡಿಗೆ ಸೇರಿದ ಸ್ಥಳಗಳು. ಆದರೂ ಕನ್ನಡ ನಾಡಿನ ನಿಸರ್ಗಚಿತ್ರ ಪರಂಪರೆ ಅಲ್ಲಿಂದಲೇ ಆರಂಭವಾಗುತ್ತದೆ ಎಂದರೆ ತಪ್ಪಾಗದು. ಈ ಚಿತ್ರಗಳಲ್ಲಿ ಮನುಷ್ಯರು ವಿರಳ, ಬೆಳಕೇ ನಾಯಕ.

ಕೆ.ಕೆ. ಹೆಬ್ಬಾರ್ (1911-1996) ಅವರದು ಇದಕ್ಕೆ ವಿರುದ್ಧವಾದ ದಾರಿ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಕಲಾಜೀವನದ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು. ಪ್ಯಾರಿಸ್‌ನಲ್ಲಿಯೂ ಅಭ್ಯಾಸ ಮಾಡಿದರು. ಆದರೆ ಯಕ್ಷಗಾನ, ಕೋಳಿ ಅಂಕ, ದುಡಿಯುವ ಜನರ ಚಲನೆ ಅವರ ಕ್ಯಾನ್ವಾಸನ್ನು ಬಿಟ್ಟುಹೋಗಲಿಲ್ಲ. ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಕಲಿತ ಕಲಾವಿದರು ಅವರು. ಕೆಲವೇ ಗೆರೆಗಳಲ್ಲಿ ಕುಣಿಯುವ ಅವರ ರೇಖಾಚಿತ್ರಗಳನ್ನು ಕಂಡವರಿಗೆ ಆ ಕಲಿಕೆ ವ್ಯರ್ಥವಾಗಲಿಲ್ಲವೆಂಬುದು ತಿಳಿಯುತ್ತದೆ.

ನಗರವನ್ನೇ ನಿಸರ್ಗವೆಂದು ಕಂಡವರು ರುಮಾಲೆ ಚೆನ್ನಬಸವಯ್ಯ (1910-1988). ದೊಡ್ಡಬಳ್ಳಾಪುರದವರಾದ ರುಮಾಲೆ ತಾರುಣ್ಯದಲ್ಲಿ ಚಿತ್ರಕಲೆ ಕಲಿತರೂ ಸ್ವಾತಂತ್ರ್ಯ ಹೋರಾಟ ಅವರನ್ನು ಸೆಳೆದುಕೊಂಡಿತು. ಸೇವಾದಳದ ಕಾರ್ಯ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ ಇವುಗಳ ನಡುವೆ ಕುಂಚ ದೂರವಾಗಿತ್ತು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ರಾಜಕಾರಣವನ್ನು ತೊರೆದು ಚಿತ್ರಕಲೆಗೆ ಮರಳಿದರು. ಸಾರ್ವಜನಿಕ ಜೀವನದಲ್ಲಿ ಇಂತಹ ನಿರ್ಗಮನಗಳು ಅಪರೂಪ.

ರುಮಾಲೆಯವರು ಕಟ್ಟೆಯ ಮೇಲೋ ರಸ್ತೆಯ ಬದಿಯಲ್ಲೋ ಕುಳಿತು ಕಣ್ಣೆದುರಿನ ದೃಶ್ಯವನ್ನು ಅಲ್ಲಿಯೇ ಚಿತ್ರಿಸುತ್ತಿದ್ದರು. ಕಬ್ಬನ್ ಉದ್ಯಾನ, ಲಾಲ್‌ಬಾಗ್, ಬೆಂಗಳೂರಿನ ಸಾಲುಮರದ ಬೀದಿಗಳು ಅವರಿಗೆ ಅಕ್ಷಯ ವಸ್ತುಗಳಾದವು. ದಪ್ಪನೆಯ ಬಣ್ಣದ ಚುಕ್ಕೆ, ಗೀಟುಗಳು ಒಂದರ ಪಕ್ಕದಲ್ಲೊಂದು ಸೇರಿ ಗುಲ್‌ಮೊಹರ್‌ನ ಕೆಂಪಾಗುತ್ತವೆ, ಜಕರಾಂಡದ ನೇರಳೆಯಾಗುತ್ತವೆ. ಮರದಡಿಯಲ್ಲಿ ಹಾದುಹೋಗುವ ಜನರು ತೀರಾ ಚಿಕ್ಕವರು. ಆದರೆ ಅವರಿಲ್ಲದೆ ಬೀದಿ ಪೂರ್ಣವಾಗದು.

ಇಲ್ಲಿ ಒಂದು ಸ್ವಾರಸ್ಯವಿದೆ. ರುಮಾಲೆಯವರ ಚಿತ್ರಗಳಲ್ಲಿ ‘ಬೆಂಗಳೂರು’ ಎಂದು ನಾವು ಗುರುತಿಸುವ ಮರಗಳಲ್ಲಿ ಹಲವು ಈ ನೆಲದವಲ್ಲ. ಗುಲ್‌ಮೊಹರ್‌ನ ಮೂಲ ಮಡಗಾಸ್ಕರ್, ಜಕರಾಂಡದ ಮೂಲ ದಕ್ಷಿಣ ಅಮೆರಿಕ. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಬೀದಿಗಳು ಸರದಿಯಂತೆ ಅರಳುವಂತೆ ಮರಗಳನ್ನು ಆಯ್ದು ನೆಡಿಸಿದ್ದು ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್. ವಲಸೆ ಬಂದ ಮರಗಳು ಎರಡು ತಲೆಮಾರಿನೊಳಗೆ ಊರಿನ ಗುರುತಾದದ್ದಕ್ಕೆ ಈ ಚಿತ್ರಗಳೇ ಸಾಕ್ಷಿ.

ಅವು ಸಾಕ್ಷಿಯಾಗಿರುವುದು ಇನ್ನೊಂದು ಅರ್ಥದಲ್ಲಿಯೂ ಹೌದು. ರುಮಾಲೆಯವರ ನಿಧನಾನಂತರದ ದಶಕಗಳಲ್ಲಿ ರಸ್ತೆ ಅಗಲೀಕರಣಕ್ಕೆ ಸಾಲುಸಾಲಾಗಿ ಮರಗಳು ಉರುಳಿದವು. 2011ರಲ್ಲಿ ಮೊದಲ ಮೆಟ್ರೊ ರೈಲು ಓಡುವ ಹೊತ್ತಿಗೆ ಮಹಾತ್ಮ ಗಾಂಧಿ ರಸ್ತೆಯ ಹಳೆಯ ನೆರಳುದಾರಿ ತನ್ನ ಮೊದಲಿನ ರೂಪದಲ್ಲಿ ಉಳಿದಿರಲಿಲ್ಲ. ಯಾವ ಬೀದಿಯಲ್ಲಿ ಯಾವ ಮರವಿತ್ತು, ಅದರ ನೆರಳು ಎಲ್ಲಿಯವರೆಗೆ ಚಾಚುತ್ತಿತ್ತು ಎಂಬುದನ್ನು ಆಡಳಿತದ ಕಡತಗಳಿಗಿಂತ ಈ ಕ್ಯಾನ್ವಾಸುಗಳು ಚೆನ್ನಾಗಿ ಹೇಳಬಲ್ಲವು.

ವೆಂಕಟಪ್ಪನವರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ, ಅವರದೇ ಹೆಸರಿನ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ. ಬೀದಿಬದಿಯಲ್ಲಿ ಕುಳಿತು ನಗರವನ್ನು ಚಿತ್ರಿಸಿದ ರುಮಾಲೆ 1988ರಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟರು.