ಮೈನಾವ್‌ನ ಡೇರೆ ಹೂವು

ಮೈನಾವ್ ದ್ವೀಪಕ್ಕೆ ಹೋಗುವ ನಮ್ಮವರು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ ಟ್ಯುಲಿಪ್ ನೋಡೋಕೆ ಹೋಗ್ತಾರೆ. ನಾನು ಹೋಗಿದ್ದು ಸೆಪ್ಟೆಂಬರ್ ಕೊನೆಯ ವಾರ, ಡೇಲಿಯಾ ಅರಳುವ ಹೊತ್ತಿಗೆ. ಡೇಲಿಯಾ ಅಂದ್ರೆ ಮಲೆನಾಡಿನ ಡೇರೆ ಹೂವು. ಸಾಗರ, ಸಿರ್ಸಿ ಕಡೆ ಮಳೆಗಾಲದ ಅಂಗಳ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೇಲಿ ಹೊಸ ಬಣ್ಣ ಬಂತು ಅಂತ ವಿಚಾರಿಸಿ, ಹೋದಾಗ ಮರೆಯದೆ ಒಂದು ಗೆಡ್ಡೆ ಕೇಳಿ ತಂದು ನೆಡೋ ಹೆಂಗಸರ ನಡುವೆ ಬೆಳೆದವನು ನಾನು. ಹಾಗಾಗಿ ಜರ್ಮನಿಯ ಒಂದು ದ್ವೀಪದಲ್ಲಿ ಸುಮಾರು 250 ಬಗೆಯ ಡೇರೆ, ಒಟ್ಟು ಹನ್ನೆರಡು ಸಾವಿರ ಗಿಡ ಅಂತ ಗೊತ್ತಾದ ಮೇಲೆ ಸುಮ್ಮನೆ ಕೂರೋಕೆ ಆಗಲಿಲ್ಲ.

ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶ ಹಂಚಿಕೊಂಡಿರುವ ಕಾನ್‌ಸ್ಟಾನ್ಸ್ ಸರೋವರದಲ್ಲಿದೆ ಈ ದ್ವೀಪ. ವಿಸ್ತೀರ್ಣ 45 ಹೆಕ್ಟೇರ್, ಅಂದರೆ ನಮ್ಮ ಲಾಲ್‌ಬಾಗ್‌ನ ಅರ್ಧಕ್ಕಿಂತ ಕಡಿಮೆ. ಕೊನ್‌ಸ್ಟಾಂಜ್ ಊರಿಂದ ಸಿಟಿ ಬಸ್ ಹತ್ತಿದರೆ ಸೇತುವೆಯ ತನಕ ಬಿಡ್ತಾರೆ, ಆಮೇಲೆ ನಡಿಗೆ. ಸೇತುವೆಯ ಪಕ್ಕ ನೀರಿನಲ್ಲೇ ಒಂದು ಹಳೇ ಶಿಲುಬೆ ನಿಂತಿದೆ. ಹೆಸರು ಸ್ವೀಡನ್ ಶಿಲುಬೆ. ಮೂವತ್ತು ವರ್ಷಗಳ ಯುದ್ಧದ ಕೊನೆಯಲ್ಲಿ, 1647ರಲ್ಲಿ, ಸ್ವೀಡನ್ ಸೈನಿಕರು ದ್ವೀಪವನ್ನು ಹಿಡಿದು ದೋಚಿದರು. ಹೋಗುವಾಗ ಈ ಶಿಲುಬೆಯನ್ನೂ ಹೊತ್ತೊಯ್ಯಲು ಹೊರಟು, ಭಾರ ತಾಳದೆ ನೀರಲ್ಲೇ ಬಿಟ್ಟರು ಅಂತ ಕತೆ. ಕತೆ ಎಷ್ಟು ನಿಜವೋ ಏನೋ, ದೋಚಿದ್ದು ಮಾತ್ರ ನಿಜ.

ಅದಕ್ಕೂ ಮೊದಲು, ಆಮೇಲೂ, ದ್ವೀಪ ಟ್ಯೂಟಾನಿಕ್ ನೈಟ್‌ಗಳೆಂಬ ಸನ್ಯಾಸಿ-ಸೈನಿಕರ ಕೈಯಲ್ಲಿತ್ತು. 1270ರ ದಶಕದಿಂದ ಐದು ಶತಮಾನಕ್ಕೂ ಮಿಕ್ಕಿ. ಈಗ ಫೋಟೋಗಳಲ್ಲಿ ಹೂವಿನ ಹಿಂದೆ ಕಾಣುವ ಅರಮನೆ ಅವರದೇ, ಹದಿನೆಂಟನೇ ಶತಮಾನದ್ದು. ನೆಪೋಲಿಯನ್ ಕಾಲದಲ್ಲಿ ಅದು ಅವರ ಕೈ ತಪ್ಪಿ, ಒಂದೆರಡು ಶ್ರೀಮಂತರ ಕೈ ಬದಲಾಗಿ, 1853ರಲ್ಲಿ ಬಾಡೆನ್ ಸಂಸ್ಥಾನದ ದೊರೆ ಒಂದನೇ ಫ್ರೀಡ್ರಿಕ್ ಕೊಂಡುಕೊಂಡ. ಮರಗಳ ತೋಟ ಅವನ ಹವ್ಯಾಸ. ಕ್ಯಾಲಿಫೋರ್ನಿಯಾದ ಸಿಕ್ವೋಯಾದಂಥ ಪರದೇಶದ ಮರ ತರಿಸಿ ನೆಡಿಸಿದ. ಇವತ್ತು ಅವುಗಳ ಬುಡದಲ್ಲಿ ನಿಂತರೆ ಕತ್ತು ನೋಯೋವರೆಗೆ ಮೇಲೆ ನೋಡಬೇಕು.

ಫ್ರೀಡ್ರಿಕ್‌ನ ಮಗಳು ಸ್ವೀಡನ್ನಿನ ರಾಣಿಯಾದಳು. ಹಾಗಾಗಿ ದ್ವೀಪ ಬಳುವಳಿಯಾಗಿ ಅದೇ ಸ್ವೀಡನ್ನಿನ ರಾಜಮನೆತನಕ್ಕೆ ಹೋಯಿತು. ರಾಣಿಯ ಮೊಮ್ಮಗ ಲೆನಾರ್ಟ್ ಬೆರ್ನಡೋಟೆ 1932ರಲ್ಲಿ ರಾಜಮನೆತನದವಳಲ್ಲದ ಹುಡುಗಿಯನ್ನು ಮದುವೆಯಾಗಿ ಸಿಂಹಾಸನದ ಹಕ್ಕು ಕಳೆದುಕೊಂಡ. ಬದಲಿಗೆ ಪಾಲಿಗೆ ಬಂದಿದ್ದು ಈ ದ್ವೀಪದ ಉಸ್ತುವಾರಿ. ಆಗಿನ್ನೂ ಇಪ್ಪತ್ತಮೂರು ವಯಸ್ಸು. ಅಷ್ಟರಲ್ಲಿ ತೋಟ ಕಾಡು ಬಿದ್ದಿತ್ತು. ಗಿಡಗಂಟಿ ಕಡಿಸಿ, ದಾರಿ ಬಿಡಿಸಿ, ಟಿಕೆಟ್ ಇಟ್ಟು ಜನರಿಗೆ ತೆರೆದ. ಮಾರ್ಚ್‌ನಲ್ಲಿ ಆರ್ಕಿಡ್, ಆಮೇಲೆ ಟ್ಯುಲಿಪ್, ಜೂನ್‌ಗೆ ಗುಲಾಬಿ, ಶರತ್ಕಾಲಕ್ಕೆ ಡೇಲಿಯಾ ಅಂತ ಋತುವಿಗೊಂದು ಹಬ್ಬ ನಡೆಯುವ ಇವತ್ತಿನ ಮೈನಾವ್ ಬೆಳೆದದ್ದು ಅಲ್ಲಿಂದ.

ಡೇಲಿಯಾ ಯುರೋಪಿನ ಹೂವಲ್ಲ, ಮೆಕ್ಸಿಕೋದ್ದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬೀಜ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂತು. 1791ರಲ್ಲಿ ಕವನಿಲ್ಯೆಸ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಹೆಸರಿಟ್ಟದ್ದು ಆಂಡರ್ಸ್ ಡಾಲ್ ನೆನಪಿಗೆ. ಡಾಲ್ ಸ್ವೀಡನ್ನಿನವನು, ಲಿನೇಯಸ್‌ನ ಶಿಷ್ಯ. ಅಂತೂ ಸ್ವೀಡನ್ ಈ ದ್ವೀಪವನ್ನು ಬಿಡೋದೇ ಇಲ್ಲ ನೋಡಿ. ಅಲ್ಲಿ ನೋಡಲು ಬಂದವರೇ ವೋಟು ಹಾಕಿ ವರ್ಷದ ಡೇಲಿಯಾ ರಾಣಿಯನ್ನು ಆರಿಸ್ತಾರೆ. ನಾನೂ ಹಾಕಿದೆ. ಊಟದ ತಟ್ಟೆಯಷ್ಟು ಅಗಲದ ಹೂವುಗಳಿದ್ದವು, ಆದರೂ ನನ್ನ ವೋಟು ಒಂದು ಕಡುಗೆಂಪು ಚೆಂಡು ಡೇರೆಗೆ. ಅದು ಗೆಲ್ಲುವ ಜಾತಿಯಲ್ಲ.

ಇಷ್ಟು ಇತಿಹಾಸ ಯಾವ ಪ್ರವಾಸಿ ಕೈಪಿಡಿಯಲ್ಲೂ ಸಿಗುತ್ತೆ. 1932ರ ಆಮೇಲೆ ಹೆಚ್ಚಿನವು ಯುದ್ಧದ ವರ್ಷಗಳನ್ನು ಒಂದು ಸಾಲಲ್ಲಿ ದಾಟಿ ಮುಂದೆ ಹೋಗ್ತವೆ. ನನಗೆ ಬೇಕಾದದ್ದು ಆ ಒಂದು ಸಾಲು.

ಯುದ್ಧ ಶುರುವಾದಾಗ ಲೆನಾರ್ಟ್ ಸ್ವೀಡನ್‌ಗೆ ವಾಪಸಾದ. ಮುಂದೆ ದ್ವೀಪವನ್ನು ಬಾಡಿಗೆಗೆ ಪಡೆದದ್ದು ನಾಜಿಗಳ ಕಟ್ಟಡ ಕಾಮಗಾರಿ ನಡೆಸುತ್ತಿದ್ದ, ಲಕ್ಷಗಟ್ಟಲೆ ಜನರನ್ನು ಬಲವಂತದ ದುಡಿಮೆಗೆ ಹಚ್ಚಿದ್ದ ಟಾಡ್ಟ್ ಸಂಘಟನೆ. 1944ರಲ್ಲಿ ಫ್ರಾನ್ಸ್ ಬಿಡುಗಡೆಯಾದಾಗ ಹಿಟ್ಲರ್ ಜೊತೆ ಕೈಜೋಡಿಸಿದ್ದ ಫ್ರೆಂಚ್ ನಾಯಕರು ಜರ್ಮನಿಗೆ ಓಡಿ ಬಂದರು. ಅವರಲ್ಲೊಬ್ಬ ಜಾಕ್ ಡೋರಿಯೋ. ಮೊದಲು ಕಮ್ಯುನಿಸ್ಟ್, ಆಮೇಲೆ ಫ್ಯಾಸಿಸ್ಟ್, ಜರ್ಮನ್ ಸಮವಸ್ತ್ರ ಹಾಕಿಕೊಂಡು ರಷ್ಯಾ ವಿರುದ್ಧ ಕಾದಾಡಿದವನು. ಮತ್ತೆ ಫ್ರಾನ್ಸ್ ಆಳುವ ಕನಸು ಇಟ್ಟುಕೊಂಡು ತನ್ನ ಪಕ್ಷದವರ ಜೊತೆ ಬೀಡುಬಿಟ್ಟದ್ದು ಮೈನಾವ್‌ನಲ್ಲಿ. 1945ರ ಫೆಬ್ರವರಿ 22ರಂದು ಇಲ್ಲಿಂದ ಕಾರಿನಲ್ಲಿ ಹೊರಟವನು ದಾರಿಯಲ್ಲಿ ವಿಮಾನದ ಗುಂಡಿಗೆ ಸತ್ತ.

ಎರಡೇ ತಿಂಗಳಲ್ಲಿ ಫ್ರೆಂಚ್ ಸೇನೆ ಬಂತು. ಏಪ್ರಿಲ್ 29ಕ್ಕೆ ಡಾಖಾವ್ ಸೆರೆಶಿಬಿರದ ಬಾಗಿಲು ತೆರೆಯಿತು. ಒಳಗೆ ಟೈಫಸ್ ಹಬ್ಬಿತ್ತು, ಎಲುಬು-ಚರ್ಮ ಮಾತ್ರ ಉಳಿದವರನ್ನು ನೇರ ಮನೆಗೆ ಕಳಿಸುವಂತಿರಲಿಲ್ಲ. ಸುತ್ತ ನೀರಿದ್ದ ಮೈನಾವ್ ಕ್ವಾರಂಟೈನ್‌ಗೆ ಹೇಳಿ ಮಾಡಿಸಿದ ಜಾಗ. ಫ್ರೆಂಚ್ ಕೈದಿಗಳನ್ನು ತಂದು ಅಲ್ಲಿ ಮಲಗಿಸಿದರು. ಚಳಿಗಾಲದಲ್ಲಿ ಹಿಟ್ಲರನ ಫ್ರೆಂಚ್ ಮಿತ್ರರು ಕೂತಿದ್ದ ದ್ವೀಪಕ್ಕೆ ಬೇಸಿಗೆಯಲ್ಲಿ ಹಿಟ್ಲರ್ ಸೆರೆಗೆ ತಳ್ಳಿದ್ದ ಫ್ರೆಂಚರು ಬಂದರು. ಮಂಚಗಳೂ ಅವೇ ಇದ್ದಿರಬಹುದು.

ಬಹಳ ಮಂದಿ ಚೇತರಿಸಿಕೊಂಡು ಊರಿಗೆ ಹೋದರು. ಮೂವತ್ತಕ್ಕೂ ಹೆಚ್ಚು ಜನ ಹೋಗಲಿಲ್ಲ. ಬಿಡುಗಡೆಯಾದ ಮೇಲೆ, ಬಿಳಿ ಹಾಸಿಗೆಯ ಮೇಲೆ ಸತ್ತರು. ದ್ವೀಪದಲ್ಲೇ ಅವರಿಗೆ ಸಮಾಧಿಯಾಯಿತು. ಆಮೇಲೆ ಆ ಸಮಾಧಿಗಳನ್ನು ಅಲ್ಲಿಂದ ಸಾಗಿಸಿದರು, ತೋಟ ಮತ್ತೆ ತೋಟವಾಯಿತು.

ಲೆನಾರ್ಟ್ ಬಗ್ಗೆ ಸಿಟ್ಟು ಮಾಡಿಕೊಳ್ಳೋದು ಸುಲಭ. ಆದರೆ ಮುಂದಿನ ವರ್ಷಗಳಲ್ಲಿ ಅವನು ಮಾಡಿದ್ದೂ ಸಣ್ಣದಲ್ಲ. ಪಕ್ಕದ ಲಿಂಡಾವ್ ಊರಿನ ನೊಬೆಲ್ ವಿಜ್ಞಾನಿಗಳ ಸಮ್ಮೇಳನಕ್ಕೆ ಬೆನ್ನೆಲುಬಾಗಿ ನಿಂತ. 1955ರ ಜುಲೈನಲ್ಲಿ ಆಟೋ ಹಾನ್, ಮ್ಯಾಕ್ಸ್ ಬಾರ್ನ್ ಸೇರಿ 18 ವಿಜ್ಞಾನಿಗಳು ಅಣ್ವಸ್ತ್ರದ ವಿರುದ್ಧ ಸಹಿ ಮಾಡಿದ ಮೈನಾವ್ ಘೋಷಣೆಗೆ ಈ ದ್ವೀಪದ್ದೇ ಹೆಸರು. 1961ರಲ್ಲಿ, ಪರಿಸರ ಎಂಬ ಮಾತು ಇನ್ನೂ ರಾಜಕಾರಣಿಗಳ ಬಾಯಿಗೆ ಬಾರದ ಕಾಲದಲ್ಲಿ, ಇಲ್ಲಿಂದಲೇ ಹಸಿರು ಸನ್ನದು ಹೊರಟಿತು. ಪ್ರಪಂಚದ ಮುಂದೆ ಇಷ್ಟೆಲ್ಲ ಮಾತಾಡಿದ ದ್ವೀಪ, ತನ್ನ ಮಣ್ಣಲ್ಲೇ ಮಲಗಿದ್ದವರ ಬಗ್ಗೆ ಮಾತ್ರ ಬಾಯಿಬಿಡಲಿಲ್ಲ ಅನ್ನೋದೇ ನನ್ನನ್ನು ಕಾಡಿದ್ದು.

1995ರಲ್ಲಿ ಆರ್ನುಲ್ಫ್ ಮೋಜರ್ ಎಂಬ ಇತಿಹಾಸಕಾರ 1945ರ ಆ ಇನ್ನೊಂದು ಮೈನಾವ್ ಬಗ್ಗೆ ಪುಸ್ತಕ ಬರೆದರು. ಲೆನಾರ್ಟ್ 2004ರಲ್ಲಿ ತೀರಿಕೊಂಡ. ದ್ವೀಪದಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ, ಅವನ ಮಕ್ಕಳ ಕಾಲಕ್ಕೆ. ಅರವತ್ತೇಳು ವರ್ಷ ಬೇಕಾಯಿತು.

ವೋಟು ಹಾಕಿದ ಮೇಲೆ ನಾನು ಆ ಸ್ಮಾರಕ ಹುಡುಕಿಕೊಂಡು ಹೋದೆ. ಡೇಲಿಯಾ ಹತ್ತಿರ ಸೆಲ್ಫಿಗೆ ಜಾಗ ಸಿಗದಷ್ಟು ಜನ, ಇಲ್ಲಿ ನಾನೂ ಇನ್ನೊಬ್ಬ ವಯಸ್ಸಾದ ಹೆಂಗಸೂ. ಆಕೆ ನಿಂತು ಓದಿದರು. ಓದಿ ಮುಗಿಸಿ, ಮೊದಲ ಸಾಲಿಂದ ಮತ್ತೆ ಓದಿದರು.