ಕ್ಷಣಗಳ ಕಲೆ: ಹಿಪ್ ಹಾಪ್ ಸಂಗೀತದ ಏರಿಳಿತ

2025ನೆಯ ಇಸವಿ ಅಕ್ಟೋಬರ್ ತಿಂಗಳ ಕೊನೆಯ ಭಾಗದಲ್ಲಿ, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಪ್ರಕಟಿಸುವ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ 40 ಸ್ಥಾನಗಳಲ್ಲಿ ಒಂದೇ ಒಂದು ರ‍್ಯಾಪ್ ಗೀತೆಯೂ ಕಾಣಲಿಲ್ಲ. 1990ರ ಫೆಬ್ರವರಿಯಿಂದ ಈಚೆಗೆ ಹಾಗಾದುದು ಅದೇ ಮೊದಲು. ಪಟ್ಟಿಯ ನಿಯಮಗಳನ್ನು ಆಗತಾನೆ ಬಿಗಿಗೊಳಿಸಿದ್ದುದೂ ಇದಕ್ಕೊಂದು ಕಾರಣವೆಂಬುದು ದಿಟವಾದರೂ, ಹಿಪ್ ಹಾಪ್ ಕಳೆಗುಂದಿತು, ಅದರ ಕಲಾಶಕ್ತಿಯೂ ಲೋಕಪ್ರಭಾವವೂ ಕ್ಷೀಣಿಸಿದುವು ಎಂದು ವರ್ಷಗಳಿಂದ ಹೇಳುತ್ತ ಬಂದವರಿಗೆ ಅದು ಪ್ರಬಲವಾದ ಸಾಕ್ಷ್ಯವಾಗಿ ಒದಗಿತು. ಈ ಮಾತನ್ನು ಅವಸರದಿಂದ ಒಪ್ಪುವುದೂ ತರವಲ್ಲ, ತಳ್ಳಿಹಾಕುವುದೂ ತರವಲ್ಲ. ಆ ಕಲೆ ಯಾವುದರಿಂದ ಹುಟ್ಟಿತು, ಯಾವುದರಿಂದ ಬೆಳೆಯಿತು, ಬೆಳೆದುದರಲ್ಲಿ ಯಾವ ಕೊಂಬೆಯನ್ನು ಯಾರು ಕಡಿದರು ಎಂಬುದನ್ನು ಮೊದಲು ಅರಿಯಬೇಕು.

1973ರ ಆಗಸ್ಟ್ 11ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿಗೃಹದಲ್ಲಿ, ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸಬೇಕೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಕುಣಿತದ ಕೂಟವನ್ನು ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಎಂದು ಕೈಬರಹದ ಚೀಟಿಯಲ್ಲಿ ಪ್ರವೇಶಧನವನ್ನು ನಮೂದಿಸಿದ್ದಿತು. ಗ್ರಾಮಫೋನ್ ತಟ್ಟೆಗಳ ಹಿಂದೆ ನಿಂತವನು ಅವಳ ಅಣ್ಣ, ಜಮೈಕಾದಿಂದ ಬಂದ ಕ್ಲೈವ್. ಲೋಕವು ಮುಂದೆ ಕೂಲ್ ಹರ್ಕ್ ಎಂದು ಕರೆದದ್ದು ಇವನನ್ನೇ. ಬಡಾವಣೆಗಳನ್ನು ನಡುವೆ ಸೀಳಿಕೊಂಡು ಹೋದ ಹೆದ್ದಾರಿಯಿಂದ ನೆಲೆತಪ್ಪಿ, ಬೆಂಕಿಗೆ ಆಹುತಿಯಾಗುತ್ತಿದ್ದ ಮನೆಗಳ ನಡುವೆ ಬಾಳುತ್ತಿದ್ದ ಆ ಜನರು, ಹಾಡು ನಿಂತು ತಾಳವಾದ್ಯವೊಂದೇ ಉಳಿಯುವ ಕೆಲವು ಕ್ಷಣಗಳಿಗಾಗಿ ಕಾದಿದ್ದು ಮೈಮರೆತು ಕುಣಿಯುವುದನ್ನು ಹರ್ಕ್ ಗಮನಿಸಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿರಿಸಿ, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮೊದಲುಮಾಡಿ, ಕ್ಷಣಗಳನ್ನು ನಿಮಿಷಗಳಾಗಿ ಹಿಗ್ಗಿಸುವ ವಿದ್ಯೆಯನ್ನು ಅವನು ಬೆಳೆಸಿದನು. ಅದರ ಮೇಲೆ ಮಾತು ಹತ್ತಿತು, ಮಾತು ಪ್ರಾಸವಾಯಿತು; ಅದೇ ರ‍್ಯಾಪ್.

1979ರ ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡು ಈ ಅಂಗಳದ ಕಲೆಯನ್ನು ಅಂಗಡಿಗೆ ತಂದಿತು. 1982ರ ‘ದ ಮೆಸೇಜ್’ ಬಡಬೀದಿಯ ಸಂಕಟವನ್ನು ಅದಕ್ಕೆ ವಸ್ತುವಾಗಿ ಕೊಟ್ಟಿತು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಧ್ವನಿಯಂತ್ರದ ಸ್ಮೃತಿಯಲ್ಲಿ ಹಿಡಿಯುತ್ತಿದ್ದುದು ಹತ್ತು ಸೆಕೆಂಡುಗಳ ನಾದ ಮಾತ್ರ. ಕಲಾವಿದರು ನಿಮಿಷಕ್ಕೆ 33 ಸುತ್ತಿನ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ ಧ್ವನಿಯನ್ನು ಕುಗ್ಗಿಸಿ ತುಂಬಿದರು, ಯಂತ್ರದೊಳಗೆ ಮತ್ತೆ ನಿಧಾನಿಸಿದರು. ಹಾಗೆ ನಿಧಾನಿಸಿದಾಗ ಹುಟ್ಟಿದ ಒರಟಾದ ಮಬ್ಬು ಆ ಕಾಲದ ಸಂಗೀತದ ಚಹರೆಯೇ ಆಯಿತು. ಇಂಥ ತುಣುಕುಗಳನ್ನು ಪದರಪದರವಾಗಿ ಹೊದಿಸಿ ಪಬ್ಲಿಕ್ ಎನಿಮಿ ತಂಡವು 1988ರಲ್ಲಿಯೂ ಡಿ ಲಾ ಸೋಲ್ ತಂಡವು 1989ರಲ್ಲಿಯೂ ಕಟ್ಟಿದ ಕೃತಿಗಳಲ್ಲಿ, ಕಪ್ಪು ಜನಾಂಗದ ಸಂಗೀತಸ್ಮೃತಿಯೇ ಮರುದನಿಗೊಟ್ಟಿತು. ಮಾತಿನ ಕಡೆಯಲ್ಲಿಯೂ ಪರಿಷ್ಕಾರವು ಇದಕ್ಕೆ ಕಡಮೆಯಾಗಿರಲಿಲ್ಲ. ಸಾಲಿನ ತುದಿಯಲ್ಲಿ ಮಾತ್ರ ಕೂಡುತ್ತಿದ್ದ ಅಂತ್ಯಪ್ರಾಸವನ್ನು ಬಿಡಿಸಿ, ಸಾಲಿನ ಒಡಲೊಳಗೆಲ್ಲ ಪ್ರಾಸವನ್ನು ಹೆಣೆದು, ಅರ್ಥವನ್ನು ಸಾಲಿನಿಂದ ಸಾಲಿಗೆ ಹರಿಸಿದವನು ರಾಕಿಮ್ ಎಂಬ ಕಲಾವಿದ. ಹರದೇಶಿ ನಾಗೇಶಿ ಮೇಳಗಳು ಸವಾಲು ಜವಾಬುಗಳಲ್ಲಿ ಎದುರಾಗುವುದನ್ನು ಕೇಳಿ ಬಲ್ಲ ನಮ್ಮವರಿಗೆ, ರ‍್ಯಾಪ್ ಕವಿಗಳ ಪಂಥ ಅಪರಿಚಿತವೆನಿಸದು. ಎರಡರಲ್ಲಿಯೂ ತೀರ್ಪುಗಾರನು ಎದುರಿಗೆ ನಿಂತ ಕೇಳುಗನೇ.

1990ರ ಆ ಫೆಬ್ರವರಿಯ ವಾರದಲ್ಲಿ 41ನೆಯ ಸ್ಥಾನದಲ್ಲಿದ್ದ ಗೀತೆ ಬಿಜ್ ಮಾರ್ಕಿ ಎಂಬಾತನದು. ಈ ಕಲೆಗೆ ಮೊದಲ ಪೆಟ್ಟು ಬಿದ್ದುದು ಆತನ ಮೂಲಕವೇ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು, ಗಿಲ್ಬರ್ಟ್ ಓಸುಲಿವನ್ನನ ಹಾಡೊಂದರ ತುಣುಕನ್ನು ಅನುಮತಿಯಿಲ್ಲದೆ ಬಳಸಿದುದಕ್ಕಾಗಿ ಇದೇ ಬಿಜ್ ಮಾರ್ಕಿಯ ಮೇಲೆ ಕೊಟ್ಟ ತೀರ್ಪು, ಕದಿಯಬಾರದೆಂಬ ಬೈಬಲಿನ ಆಜ್ಞೆಯಿಂದಲೇ ಆರಂಭವಾಗಿದ್ದಿತು. 2005ರಲ್ಲಿ ಮತ್ತೊಂದು ನ್ಯಾಯಾಲಯವು ಎರಡು ಸೆಕೆಂಡುಗಳ ಗಿಟಾರ್ ನಾದಕ್ಕೂ ಪರವಾನಗಿ ಬೇಕೆಂದು ವಿಧಿಸಿತು. ಮೂಲ ವಾದಕರಿಗೆ ನ್ಯಾಯ ಸಲ್ಲಬೇಕೆಂಬುದರಲ್ಲಿ ಸಂದೇಹವಿಲ್ಲ. ಎಷ್ಟೋ ಹಾಡುಗಳಿಗೆ ತನ್ನ ತಾಳವನ್ನಿತ್ತ ಕ್ಲೈಡ್ ಸ್ಟಬಲ್‌ಫೀಲ್ಡನಂಥ ಡ್ರಮ್ ವಾದಕನಿಗೆ ಗೌರವಧನ ದೊರೆಯದೆ ಹೋದುದು ಅನ್ಯಾಯವೇ. ಆದರೆ ಆ ತೀರ್ಪುಗಳಿಂದ ಬಲಗೊಂಡವರು ಬಹುಮಟ್ಟಿಗೆ ಹಕ್ಕುಗಳನ್ನು ಕೊಂಡಿಟ್ಟ ಸಂಸ್ಥೆಗಳವರು. ನೆನಪಿಗೆ ಬೆಲೆ ಕಟ್ಟಿದ ಮೇಲೆ, ಹತ್ತಾರು ತುಣುಕುಗಳ ಹೆಣಿಗೆ ಧನಿಕರಿಗೆ ಮಾತ್ರ ಸಾಧ್ಯವಾದ ಕಸುಬಾಯಿತು.

ಎರಡನೆಯ ಪೆಟ್ಟು ಬಾನುಲಿಯ ಕಡೆಯಿಂದ ಬಂದಿತು. ಒಂದು ಸಂಸ್ಥೆ ದೇಶದಲ್ಲಿ 40ಕ್ಕಿಂತ ಹೆಚ್ಚು ಬಾನುಲಿ ಕೇಂದ್ರಗಳನ್ನು ಹೊಂದಬಾರದೆಂಬ ಮಿತಿಯನ್ನು 1996ರ ದೂರಸಂಪರ್ಕ ಕಾಯಿದೆ ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಸಂಸ್ಥೆಯೊಂದೇ 1,200ಕ್ಕೂ ಮಿಕ್ಕ ಕೇಂದ್ರಗಳ ಒಡೆತನ ಪಡೆಯಿತು. ಊರಿಗೊಂದು ಕಿವಿಯಿದ್ದಲ್ಲಿ ದೇಶಕ್ಕೊಂದೇ ಕಿವಿ ಉಳಿಯಿತು. 2006ರಲ್ಲಿ ನಾಸ್ ಎಂಬ ಹಿರಿಯ ಕಲಾವಿದನು ತನ್ನ ಆಲ್ಬಮ್ಮಿಗೆ ಹಿಪ್ ಹಾಪ್ ಸತ್ತಿದೆ ಎಂಬರ್ಥದ ಹೆಸರಿಟ್ಟುದು ಈ ಹಿನ್ನೆಲೆಯಲ್ಲಿ.

ಬಳಿಕ ಬಂದುದು ಅಂತರಜಾಲದ ಯುಗ. 2017ರಲ್ಲಿ ಹಿಪ್ ಹಾಪ್, ಆರ್ ಅಂಡ್ ಬಿ ಸಂಗೀತದೊಡಗೂಡಿ, ಅಮೆರಿಕದಲ್ಲಿ ರಾಕ್ ಸಂಗೀತವನ್ನೂ ಮೀರಿ ಅತ್ಯಂತ ಹೆಚ್ಚು ಕೇಳಲ್ಪಡುವ ಪ್ರಕಾರವೆನಿಸಿತು. ವಿಸ್ತಾರವು ತುತ್ತತುದಿ ಮುಟ್ಟಿದ ಆ ಹೊತ್ತಿನಲ್ಲಿಯೇ ಸಾಂದ್ರತೆ ಸಡಿಲತೊಡಗಿತು. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡು ನುಡಿದರೆ ಒಂದು ಆಲಿಕೆಯೆಂದು ಲೆಕ್ಕ. ಆಮೇಲೆ ಅದು ಆರು ನಿಮಿಷ ನಡೆದರೂ ಒಂದೇ ಲೆಕ್ಕ. 2019ರಲ್ಲಿ 19 ವಾರ ಅಗ್ರಸ್ಥಾನದಲ್ಲಿದ್ದ ‘ಓಲ್ಡ್ ಟೌನ್ ರೋಡ್’ ಮೂಲರೂಪದಲ್ಲಿ ಎರಡು ನಿಮಿಷವನ್ನೂ ಮುಟ್ಟಲಿಲ್ಲ. ಹರ್ಕ್ ಕ್ಷಣಗಳನ್ನು ಹಿಗ್ಗಿಸಿದುದು ಕುಣಿಯುವವರ ಆನಂದಕ್ಕಾಗಿ. ಇಲ್ಲಿ ಕ್ಷಣಗಳು ಕುಗ್ಗಿದುದು ಎಣಿಕೆಯ ಸಲುವಾಗಿ.

ಪ್ರತಿಭೆ ಬತ್ತಿತೆಂದು ಇದರಿಂದ ಹೇಳಲಾಗದು. ಕೆಂಡ್ರಿಕ್ ಲಮಾರನಿಗೆ 2018ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ಸಂದಿತು. ಶಾಸ್ತ್ರೀಯ ಮತ್ತು ಜಾಝ್ ಪರಂಪರೆಗಳ ಹೊರಗಿನವರಿಗೆ ಅದು ದೊರೆತುದು ಅದೇ ಮೊದಲು. ಬೆಂಗಳೂರಿನಲ್ಲಿ ನೆಲಸಿ ಹಾಡುವ ಹನುಮಾನ್‌ಕೈಂಡನ ‘ಬಿಗ್ ಡಾಗ್ಸ್’ 2024ರಲ್ಲಿ ಅದೇ ಬಿಲ್‌ಬೋರ್ಡ್ ಪಟ್ಟಿಯ 23ನೆಯ ಸ್ಥಾನಕ್ಕೇರಿತು. ಕ್ಷೀಣಿಸಿರುವುದು ಕಲೆಯ ಬೀಜವಲ್ಲ, ಅದು ಬೇರೂರುತ್ತಿದ್ದ ನೆಲ: ಹಳೆಯ ನಾದವನ್ನು ಮುಕ್ತವಾಗಿ ನೆನೆಯುವ ಅವಕಾಶ, ಊರೂರಿನ ಕಿವಿ, ಕೊನೆಯವರೆಗೂ ನಿಂತು ಕೇಳುವ ವ್ಯವಧಾನ.

ಡಿ ಲಾ ಸೋಲ್ ತಂಡದ 1989ರ ಆ ಕೃತಿ, ತುಣುಕುಗಳ ಹಕ್ಕಿನ ತೊಡಕಿನಿಂದಾಗಿ, ಅಂತರಜಾಲದ ಸಂಗೀತಸೇವೆಗಳಿಗೆ ಬಂದುದು 2023ರ ಮಾರ್ಚ್ 3ರಂದು. ತಂಡದ ಮೂವರಲ್ಲಿ ಒಬ್ಬನಾದ ಟ್ರೂಗಾಯ್ ಆ ದಿನಕ್ಕೆ ಸುಮಾರು ಮೂರು ವಾರಗಳ ಹಿಂದೆಯಷ್ಟೇ ತೀರಿಕೊಂಡಿದ್ದನು. ಒಂದು ತಲೆಮಾರು ಆ ಕೃತಿಯನ್ನು ಸುಲಭವಾಗಿ ಕೇಳಲಾರದೆ ಬೆಳೆದಿತ್ತು. ಕೇಳದುದನ್ನು ಕಲಿಯುವುದೆಂತು, ಕಲಿಯದುದನ್ನು ಮೀರಿಸುವುದೆಂತು? ಹಿಪ್ ಹಾಪಿನ ಅವನತಿಯನ್ನು ಕುರಿತು ಮರುಗುವವರು, ಹೊಸಬರ ಮೇಲೆ ದೋಷ ಹೊರಿಸುವ ಮುನ್ನ, ಆ ಹೊಸಬರಿಗೆ ನಾವು ಯಾವ ಪರಂಪರೆಯನ್ನು ಕೈಗೆಟುಕುವಂತೆ ಉಳಿಸಿದೆವು ಎಂದು ಕೇಳಿಕೊಳ್ಳುವುದು ನ್ಯಾಯ.